ಸಾವಿರ ಚೌಕಕ್ಕೆ ಮೂವತ್ತು ರೂಪಾಯಿ

ನನಗೆ ಸಿಟ್ಟು ಬೇಗ ಬರುತ್ತದೆ, ಇಳಿಯುವುದು ಮಾತ್ರ ನಿಧಾನ. ನನ್ನ ಗಂಡ ರೊನಾಲ್ಡ್ ಸೊಹಾರಿನಲ್ಲಿ ಕೆಲಸ ಹಿಡಿದು ವಾರಕ್ಕೊಮ್ಮೆ ಮನೆಗೆ ಬರುವುದು ಅದಕ್ಕೇ ಅಂತ ನಾದಿನಿಯರು ನಗಾಡುತ್ತಾರೆ. ನಗಾಡಲಿ. ನಾನು ಈಗ ಹೇಳಲಿಕ್ಕೆ ಹೊರಟದ್ದು ನನ್ನ ಸುದ್ದಿ ಅಲ್ಲ, ಎದುರು ಫ್ಲಾಟಿನ ಸುಹೈಲಾಳದ್ದು. ಅವಳಿಗೆ ಸಿಟ್ಟೇ ಬರುವುದಿಲ್ಲ. ಅವಳ ಪಾಲಿನದ್ದನ್ನೂ ನಾನೇ ಮಾಡಿಕೊಳ್ಳಬೇಕಾಯಿತು, ಎಂತ ಮಾಡುವುದು.

ನಾನು ಡಾಲಿ. ಊರು ಉಡುಪಿ ಹತ್ತಿರ. ಮಸ್ಕತ್ತಿಗೆ ಬಂದು ಇಪ್ಪತ್ತೆರಡು ವರ್ಷ, ಅಲ್ ಅಜೈಬಾದ ಈ ಹಳೆ ಬಿಲ್ಡಿಂಗಿನಲ್ಲಿ ಹದಿನಾಲ್ಕು. ಕಟ್ಟಡ ಕಟ್ಟುವ ಒಂದು ಕಂಪನಿಯ ಎಸ್ಟಿಮೇಷನ್ ಸೆಕ್ಷನಿನಲ್ಲಿ ನನ್ನ ಕೆಲಸ. ಅಂದರೆ ರೇಟು ಹಾಕುವುದು. ಒಂದು ಬಾಗಿಲು ಕೂರಿಸಲಿಕ್ಕೆ ಎಷ್ಟು, ಒಂದು ಮೀಟರ್ ಗೋಡೆಗೆ ಎಷ್ಟು, ಅದರಲ್ಲಿ ಸಾಮಾನಿಗೆಷ್ಟು, ಕೂಲಿಗೆಷ್ಟು, ಲಾಭ ಎಷ್ಟು, ಕೇಳಿ ಹೇಳ್ತೇನೆ. ನಮ್ಮ ಚೀಫ್ ದೊರೆಸ್ವಾಮಿ ಸಾರ್ ಸಹ ಒಮ್ಮೊಮ್ಮೆ ನನ್ನ ಮೇಜಿನ ಹತ್ತಿರ ಬಂದು, "ಡಾಲಿ, ಈ ರೇಟು ಸರಿ ಉಂಟಾ ನೋಡಿ" ಅಂತ ಕೇಳುವುದುಂಟು.

ಸುಹೈಲಾ ನಾಲ್ಕು ವರ್ಷದ ಹಿಂದೆ ಎದುರು ಫ್ಲಾಟಿಗೆ ಬಂದಳು. ಊರು ದೇರಳಕಟ್ಟೆ, ಬ್ಯಾರಿಯವರು. ಗಂಡ ಅಬ್ಬಾಸ್‌ಗೆ ಬರ್ಕಾದಲ್ಲಿ ಪಾತ್ರೆ, ಪ್ಲಾಸ್ಟಿಕ್ ಸಾಮಾನಿನ ಅಂಗಡಿ, ಕಫೀಲ್, ಅಂದರೆ ಇಲ್ಲಿಯ ಅರಬಿ ಜಾಮೀನುದಾರನ ಹೆಸರಿನಲ್ಲಿ. ದಿನಾ ಹೋಗಿ ಬರುವುದು. ಆರನೇ ಕ್ಲಾಸಿನ ಒಬ್ಬಳು ಮಗಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಸುಹೈಲಾ ಫ್ಯಾಮಿಲಿ ವೀಸಾದವಳು, ಆಫೀಸು ಅಂಗಡಿ ಅಂತ ಕೆಲಸಕ್ಕೆ ಸೇರುವ ಹಾಗಿಲ್ಲ. ಬೆಳಿಗ್ಗೆ ಏಳಕ್ಕೆ ಗಂಡ ಮಗಳು ಹೋದರೆ ಆಮೇಲೆ ಆ ಎರಡು ಕೋಣೆ, ಒಂದು ಏಸಿ, ಮತ್ತು ಅವಳು.

ಒಂದು ಶುಕ್ರವಾರ ನೀರು ದೋಸೆ ಕೊಡಲಿಕ್ಕೆ ಹೋದೆ. ಊಟದ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದಿತ್ತು. ಸ್ಕ್ರೀನಿನ ತುಂಬಾ ಚೌಕ ಚೌಕ, ಅದರಲ್ಲಿ ಬಣ್ಣ. ನಾನು ಕಸೂತಿಯ ಡಿಸೈನ್ ಅಂದುಕೊಂಡೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಕಲಿಸುತ್ತಿದ್ದ ಕ್ರಾಸ್ ಸ್ಟಿಚ್ ಹೀಗೇ ಇತ್ತು.

"ಇದು ಗೇಮಿಗೆ ಅಕ್ಕ," ಅಂದಳು ಸುಹೈಲಾ, ನಾಚಿಕೊಂಡು. "ಮೊಬೈಲಿನಲ್ಲಿ ಮಕ್ಕಳು ಆಡುತ್ತಾರಲ್ಲ, ಹಳೇ ಕಾಲದ ವಿಡಿಯೋ ಗೇಮಿನ ಹಾಗೆ. ಒಂದೊಂದು ಚೌಕಕ್ಕೆ ಪಿಕ್ಸೆಲ್ ಅಂತಾರೆ. ಒಂದೊಂದೇ ತುಂಬಿ ಚಿತ್ರ ಮಾಡುವುದು."

ಅವಳು ದೂರ ಮಾಡಿ ತೋರಿಸಿದಳು. ಆ ಚೌಕಗಳೆಲ್ಲ ಸೇರಿ ಒಂದು ಹುಡುಗಿಯಾಯಿತು, ನನ್ನ ಹೆಬ್ಬೆರಳ ಉಗುರಿಗಿಂತ ಚಿಕ್ಕದು. ಒಂದು ಬಟನ್ ಒತ್ತಿದಳು, ಹುಡುಗಿ ನಡೆದಳು. ಸೊಂಟದಲ್ಲಿ ಬುಟ್ಟಿ, ಮೀನು ಮಾರಲಿಕ್ಕೆ ಹೋಗುವ ನಡಿಗೆ. ಮಲ್ಪೆಯಲ್ಲಿ ನಾನು ಕಣ್ಣಾರೆ ನೋಡಿದ ನಡಿಗೆ ಅದು! ಸಾಯ್ಬಾ ಭೊಗೊಸ್, ದೇವರೇ, ಕಣ್ಣು ಮೂಗು ಯಾವುದೂ ಇಲ್ಲ, ಎರಡು ಕಪ್ಪು ಚುಕ್ಕೆ ಅಷ್ಟೇ, ಆದರೂ ಹುಡುಗಿಗೆ ಆಯಾಸವಾಗಿದೆ ಅಂತ ಗೊತ್ತಾಗುತ್ತಿತ್ತು.

"ಇದಕ್ಕೆ ದುಡ್ಡು ಕೊಡ್ತಾರಾ?" ಅಂತ ಕೇಳಿದೆ. ನನ್ನ ಬುದ್ಧಿಯೇ ಅಷ್ಟು, ಎಂತದನ್ನು ನೋಡಿದರೂ ರೇಟು ಕೇಳುವುದು.

"ಕೊಡ್ತಾರೆ ಅಕ್ಕ. ಪುಣೆಯಲ್ಲಿ ಗೇಮ್ ಮಾಡುವವರು, ಕಿಶನ್ ಅಂತ. ಸಾವಿರ ಚೌಕಕ್ಕೆ ಮೂವತ್ತು ರೂಪಾಯಿ."

ನಾನು ತಟ್ಟೆ ಕೆಳಗಿಟ್ಟೆ. "ಸಾವಿರ ಚೌಕಕ್ಕಾ? ಅದ್ಯಾವ ಲೆಕ್ಕ ಮಾರಾಯ್ತಿ? ಯಾರು ಹೇಳಿದ್ದು ಆ ರೇಟು?"

"ನಾನೇ," ಅಂದಳು.

ಆಮೇಲೆ ಎಲ್ಲ ಬಾಯಿಬಿಟ್ಟಳು. ಅವಳ ಉಮ್ಮ ನಬೀಸಾ ಮದುವೆಯಾದಾಗಿನಿಂದ ಬೀಡಿ ಕಟ್ಟುವವರು. ಈಗಲೂ ಕಟ್ಟುತ್ತಾರೆ, ಮೊಣಕಾಲ ಮೇಲೆ ಸೂಪು, ಅಂದರೆ ಎಲೆ ಹೊಗೆಸೊಪ್ಪು ಹಾಕಿದ ಮೊರ, ಇಟ್ಟುಕೊಂಡು. ಬೀಡಿಗೆ ಸಾವಿರಕ್ಕೆ ಇಷ್ಟು ಅಂತ ಮಜೂರಿ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಎಣಿಸುತ್ತಾರೆ, ಸರಿ ಇಲ್ಲದ್ದನ್ನು ಎತ್ತಿ ಬಿಸಾಡುತ್ತಾರೆ, ಉಳಿದದ್ದಕ್ಕೆ ದುಡ್ಡು. ಸುಹೈಲಾ ಏಳು ವರ್ಷಕ್ಕೇ ಬೀಡಿಯ ಬಾಯಿ ಮುಚ್ಚುವ ಕೆಲಸಕ್ಕೆ ಕೂತವಳು. ಮೊದಲ ಸಲ ಕಿಶನ್ "ದೀದಿ, ನಿಮ್ಮ ರೇಟು ಹೇಳಿ" ಅಂದಾಗ ಇವಳಿಗೆ ತಲೆಬುಡ ಗೊತ್ತಾಗಲಿಲ್ಲ. ಉಮ್ಮನಿಗೆ ಫೋನ್ ಮಾಡಿದಳು. ಉಮ್ಮ ಹೇಳಿದರಂತೆ: "ಸಾವಿರಕ್ಕೆ ಇಷ್ಟು ಅಂತ ಹೇಳು ಮಗಳೇ. ಎಣಿಸಿದರೆ ಮುಗಿಯಿತು. ಯಾರಿಗೂ ಮೋಸ ಮಾಡಲಿಕ್ಕೆ ಆಗುವುದಿಲ್ಲ."

ಪಾಪ, ಆ ಹೆಂಗಸಿನದ್ದೂ ತಪ್ಪಲ್ಲ. ಅವರ ಪ್ರಪಂಚದಲ್ಲಿ ಒಂದು ಬೀಡಿ ಇನ್ನೊಂದು ಬೀಡಿಯ ಹಾಗೇ ಇರಬೇಕು.

ಶುರುವಿಗೆ ಚೆನ್ನಾಗಿಯೇ ಇತ್ತಂತೆ. ಕಿಶನ್ ದೊಡ್ಡ ದೊಡ್ಡ ಹಿನ್ನೆಲೆ ಚಿತ್ರ ಮಾಡಿಸಿದ, ಸಮುದ್ರ, ಮರಳು, ಆಕಾಶ. ಒಂದೊಂದರಲ್ಲಿ ಐವತ್ತೇಳು ಸಾವಿರಕ್ಕೂ ಹೆಚ್ಚು ಚೌಕ. ಆಕಾಶಕ್ಕೆ ಎಂತ ಉಂಟು, ಒಂದೇ ಬಣ್ಣ ಒಂದೇ ಏಟಿಗೆ ತುಂಬಬಹುದು. ಒಂದು ಚಿತ್ರಕ್ಕೆ ಸಾವಿರದ ಏಳುನೂರು ಚಿಲ್ಲರೆ. ಎರಡು ತಿಂಗಳಲ್ಲಿ ಹನ್ನೆರಡು ಚಿತ್ರ, ಇಪ್ಪತ್ತು ಸಾವಿರ ದಾಟಿತು. ದುಡ್ಡು ಊರಿನಲ್ಲಿ ಉಮ್ಮನ ಖಾತೆಗೆ ಬೀಳುತ್ತಿತ್ತು. ಉಮ್ಮ ಅದನ್ನು ಉಪ್ಪಳದಲ್ಲಿರುವ ಸುಹೈಲಾಳ ಗಂಡನ ಮನೆಗೆ ತಲುಪಿಸುವುದು. ಅಬ್ಬಾಸ್ ಇಲ್ಲಿಂದ ಮನೆಗೆ ಕಳಿಸುವುದು ಆ ಮಟ್ಟಿಗೆ ಉಳಿಯಿತು.

ಆಮೇಲೆ ಕಿಶನ್‌ಗೆ ಲೆಕ್ಕ ಹೊಳೆಯಿತು. ಅವನೂ ಮಂಡೆ ಇದ್ದವನೇ ಅಲ್ವಾ? ಆಕಾಶ ಸಮುದ್ರ ಎಲ್ಲ ತಾನೇ ಮಾಡಿಕೊಂಡ. ಇವಳಿಗೆ ಕೊಟ್ಟದ್ದು ಮನುಷ್ಯರನ್ನು. ಉದ್ದಕ್ಕೆ ಹದಿನಾರು ಚೌಕ, ಅಗಲಕ್ಕೆ ಹದಿನಾರು. ಅದರಲ್ಲೂ ಖಾಲಿ ಬಿಟ್ಟ ಚೌಕ ಲೆಕ್ಕಕ್ಕಿಲ್ಲ, ತುಂಬಿದ್ದಕ್ಕೆ ಮಾತ್ರ ದುಡ್ಡು ಅಂದ. ಒಂದು ಆಳಿಗೆ ಹೆಚ್ಚೆಂದರೆ ನೂರ ಐವತ್ತು ಚೌಕ. ಅಂದರೆ ನಾಲ್ಕೂವರೆ ರೂಪಾಯಿ. ಆ ಆಳು ನಾಲ್ಕು ದಿಕ್ಕಿಗೆ ನಡೆಯಬೇಕಾದರೆ, ದಿಕ್ಕಿಗೆ ನಾಲ್ಕು ಹೆಜ್ಜೆಯ ಹಾಗೆ ಹದಿನಾರು ಚಿತ್ರ, ಎಪ್ಪತ್ತೆರಡು ರೂಪಾಯಿ. ನಾನು ನೋಡಿದ ಆ ಮೀನಿನ ಹುಡುಗಿಯ ನಡಿಗೆಗೆ ಮೂರು ದಿನ ಕೂತಿದ್ದಳು ಇವಳು. ಎಪ್ಪತ್ತೆರಡು ರೂಪಾಯಿ!

"ಅವನಿಗೆ ಹೇಳಲಿಕ್ಕೆ ಬಾಯಿ ಇಲ್ಲವಾ ನಿನಗೆ?" ಅಂತ ಬೊಬ್ಬೆ ಹಾಕಿದೆ.

"ರೇಟು ನಾನೇ ಹೇಳಿದ್ದಲ್ವಾ ಅಕ್ಕ. ಅವರು ಮೋಸ ಮಾಡಲಿಲ್ಲ. ನಾನು ಹೇಳಿದ ಹಾಗೇ ಎಣಿಸಿ ಕೊಡುತ್ತಿದ್ದಾರೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ. ತಾನೇ ಹೇಳಿದ ಆ ಒಂದು ಮಾತಿನೊಳಗೆ ಅವಳು ಎಂಟು ತಿಂಗಳಿಂದ ಕೂತಿದ್ದಳು. ಹೊರಗೆ ಬರಲಿಕ್ಕೆ ಬಾಗಿಲು ಎಲ್ಲಿ ಅಂತ ಗೊತ್ತಿಲ್ಲದೆ.

ಜನವರಿಯಲ್ಲಿ ಅಬ್ಬಾಸ್ ಬಂದು ನಮ್ಮ ಸೋಫಾದಲ್ಲಿ ಕೂತರು. ಅವರು ಒಳ್ಳೆ ಮನುಷ್ಯ, ಸುಮ್ಮನೆ ಹೇಳುವುದಲ್ಲ. ಟೀ ಕುಡಿದು, ಗ್ಲಾಸು ಕೆಳಗಿಟ್ಟು, "ಡಾಲಿಯಕ್ಕ, ಮಾರ್ಚಿಗೆ ಫ್ಲಾಟ್ ಬಿಡುವುದು ಅಂತ," ಅಂದರು. ಅಂಗಡಿಯ ಪಕ್ಕದಲ್ಲೇ ದೊಡ್ಡ ಮಾರ್ಕೆಟ್ ಬಂದಿದೆ, ವ್ಯಾಪಾರ ಅರ್ಧಕ್ಕೆ ಇಳಿದಿದೆ. ಮಗಳ ಪರೀಕ್ಷೆ ಮುಗಿದ ಕೂಡಲೇ ಇಬ್ಬರನ್ನೂ ಊರಿಗೆ ಕಳಿಸುವುದು, ತಾನು ಬರ್ಕಾದಲ್ಲಿ ಯಾರದೋ ಕೋಣೆಯಲ್ಲಿ ಒಂದು ಮಂಚ ಹಿಡಿಯುವುದು. "ತಿಂಗಳಿಗೆ ಹದಿನೈದು ಸಾವಿರ ರೂಪಾಯಿ ಕಮ್ಮಿ ಬೀಳುತ್ತದೆ. ಅಷ್ಟು ಎಲ್ಲಿಂದಾದರೂ ಬಂದರೆ ಇಟ್ಟುಕೊಳ್ಳುತ್ತಿದ್ದೆ. ನನಗೂ ಇಷ್ಟ ಅಂತ ಅಲ್ಲ."

ಗಲ್ಫಿನಲ್ಲಿ ಈ ಮಾತು ನಾನು ಎಷ್ಟು ಮನೆಯಲ್ಲಿ ಕೇಳಿದ್ದೇನೋ. ಫ್ಯಾಮಿಲಿಯನ್ನು ಕಳಿಸುವುದು. ಸಾಮಾನು ಕಳಿಸಿದ ಹಾಗೆ ಹೇಳುತ್ತಾರೆ.

ಸುಹೈಲಾಳನ್ನು ಕಳಿಸುವುದು ಉಪ್ಪಳಕ್ಕೆ. ಗಂಡನ ಮನೆಯಲ್ಲಿ ಹನ್ನೊಂದು ಜನ. ಯಾರೂ ಕೆಟ್ಟವರಲ್ಲ. ಆದರೆ ಬೆಳಿಗ್ಗೆ ಐದಕ್ಕೆ ಅಡುಗೆಮನೆಗೆ ಹೊಕ್ಕರೆ ಹೊರಗೆ ಬರುವುದು ರಾತ್ರಿಯ ಇಶಾ ನಮಾಜಿನ ಹೊತ್ತಿಗೆ. "ಅಲ್ಲಿ ನನಗೆ ಒಂದು ಮೇಜು ಇಲ್ಲ ಅಕ್ಕ," ಅಂದಳು ನನ್ನ ಹತ್ತಿರ. "ಮೇಜು ತರಬಹುದು. ಅದರ ಮುಂದೆ ಕೂರಲಿಕ್ಕೆ ಆಗುವುದಿಲ್ಲ." ಆ ದಿನ ಅವಳು ಅತ್ತದ್ದು ನಾನು ಮೊದಲ ಸಲ ನೋಡಿದ್ದು.

ಅದೇ ವಾರ ಕಿಶನ್‌ನ ಹೊಸ ಗೇಮಿನ ಸುದ್ದಿ ಬಂತು. ನಲ್ವತ್ತು ಆಳು, ಎಂಟು ತಿಂಗಳ ಕೆಲಸ, ಬರೆದು ಸಹಿ ಹಾಕಿದ ಕರಾರು. ಮುಂದಿನ ತಿಂಗಳ ಎರಡನೇ ಗುರುವಾರದೊಳಗೆ ರೇಟು ಹೇಳಬೇಕು.

ನಾನು ಅವಳನ್ನು ಎಳೆದು ಕೂರಿಸಿದೆ. "ನೋಡು, ಇದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ನೀನು ಎಣಿಸಬೇಕಾದ್ದು ಚೌಕವನ್ನಲ್ಲ, ಗಂಟೆಯನ್ನು." ಅವಳ ಫ್ರಿಜ್ಜಿನ ಮೇಲೆ ಒಂದು ಕಾಗದ ಅಂಟಿಸಿದೆ. ಒಂದು ವಾರ ಕೂತದ್ದು ಎದ್ದದ್ದು ಎಲ್ಲ ಬರೆಯಬೇಕು. ಅನ್ನಕ್ಕೆ ಇಟ್ಟು ಎದ್ದರೆ ಅದನ್ನು ಬಿಡಬೇಕು, ಅನ್ನ ಬೇಯುವಾಗ ಮನಸ್ಸಿನಲ್ಲೇ ಕಾಲು ಹೇಗೆ ಎತ್ತುವುದು ಅಂತ ಯೋಚಿಸಿದರೆ ಅದನ್ನು ಬರೆಯಬೇಕು. "ಅದನ್ನೂ ಬರೆಯುವುದಾ?" ಅಂತ ನಕ್ಕಳು. ಹೌದು ಮತ್ತೆ. ನಮ್ಮ ಇಂಜಿನಿಯರುಗಳು ಕಿಟಕಿಯ ಹೊರಗೆ ನೋಡಿ ಯೋಚಿಸಿದ್ದಕ್ಕೂ ಕಂಪನಿ ಬಿಲ್ ಹಾಕುತ್ತದೆ.

ವಾರ ಕಳೆದು ನೋಡಿದರೆ ನನಗೇ ಮಂಡೆ ಬಿಸಿಯಾಯಿತು. ಒಬ್ಬ ಮುದುಕ ನಾಲ್ಕು ದಿಕ್ಕಿಗೆ ನಡೆಯಲಿಕ್ಕೆ ಹತ್ತೊಂಬತ್ತು ಗಂಟೆ. ಅದರಲ್ಲಿ ಬಣ್ಣ ತುಂಬಿದ್ದು ಎರಡೇ ಗಂಟೆ. ಉಳಿದದ್ದೆಲ್ಲ ಒಂದು ಚೌಕ ಇಡುವುದಾ ಬಿಡುವುದಾ ಅಂತ. ಬೆನ್ನಿನ ಹತ್ತಿರ ಒಂದೇ ಒಂದು ಚೌಕ ಖಾಲಿ ಬಿಟ್ಟಿದ್ದಳು, ಅಷ್ಟಕ್ಕೇ ಮುದುಕ ಗೂನು ಬೆನ್ನಿನವನಾಗಿದ್ದ. ಆ ಖಾಲಿ ಚೌಕಕ್ಕೆ ಅರ್ಧ ದಿನ ಹೋಗಿತ್ತು. ಕಿಶನ್‌ನ ಲೆಕ್ಕದಲ್ಲಿ ಅದಕ್ಕೆ ಸೊನ್ನೆ.

ಗಂಟೆಗೆ ನೂರೈವತ್ತು ರೂಪಾಯಿ ಹಾಕಿದೆ. ಜಾಸ್ತಿ ಅಲ್ಲ, ಮಂಗಳೂರಿನಲ್ಲಿ ಒಬ್ಬ ಟೈಲ್ಸ್ ಹಾಕುವವನೂ ಅಷ್ಟಕ್ಕೆ ಬರುವುದಿಲ್ಲ. ಕರೆಂಟು, ಕಣ್ಣಿನ ಡಾಕ್ಟರು ಅಂತ ಸ್ವಲ್ಪ ಸೇರಿಸಿ ಒಂದು ಆಳಿಗೆ ಮೂರು ಸಾವಿರ. ಎರಡು ಸಲ ತಿದ್ದುವುದು ಉಚಿತ, ಮೂರನೆಯದಕ್ಕೆ ಬೇರೆ ದುಡ್ಡು. ಶುರುವಿಗೆ ಅರ್ಧ ಮುಂಗಡ. ನಲ್ವತ್ತು ಆಳಿಗೆ ಒಂದು ಲಕ್ಷದ ಇಪ್ಪತ್ತು ಸಾವಿರ, ಎಂಟು ತಿಂಗಳಿಗೆ ಭಾಗ ಮಾಡಿದರೆ ಸರಿಯಾಗಿ ಹದಿನೈದು ಸಾವಿರ. ಕ್ಯಾಲ್ಕ್ಯುಲೇಟರ್ ಅವಳ ಮುಖಕ್ಕೆ ಹಿಡಿದೆ. ಅಬ್ಬಾಸ್ ಹೇಳಿದ ಅದೇ ಹದಿನೈದು!

"ಅಲ್ಲಾಹ್," ಅಂದಳು ಸುಹೈಲಾ. "ಎಪ್ಪತ್ತೆರಡು ಎಲ್ಲಿ, ಮೂರು ಸಾವಿರ ಎಲ್ಲಿ ಅಕ್ಕ. ಅವರು ಬೇರೆ ಯಾರನ್ನಾದರೂ ಹಿಡಿದರೆ?"

"ಹಿಡಿಯಲಿ ನೋಡುವ. ಮೊದಲ ಗೇಮಿನ ಮನುಷ್ಯರೆಲ್ಲ ಎರಡನೇದರಲ್ಲೂ ಬರುತ್ತಾರೆ ಅಂದಿದ್ದಾನಲ್ಲ? ಅದೇ ಕೈ ಬೇಕು. ನಮ್ಮ ಆಫೀಸಿನಲ್ಲೂ ಹಾಗೇ. ಎರಡು ಕೊಟೇಶನ್ ಬಂದರೆ ಒಂದನ್ನು ತೋರಿಸಿ ಇನ್ನೊಂದನ್ನು ಇಳಿಸುತ್ತಾರೆ. ಒಂದೇ ಬಂದರೆ ಬಾಯಿ ಮುಚ್ಚಿ ಕೊಡಬೇಕು."

ಅವಳು ಕಾಗದವನ್ನೇ ನೋಡುತ್ತಾ ಇದ್ದಳು. ಆಮೇಲೆ ಬಹಳ ಮರ್ಯಾದೆಯಿಂದ, ಏನೂ ಕುಹಕ ಇಲ್ಲದೆ ಕೇಳಿದಳು: "ಅಕ್ಕ, ನಿಮ್ಮ ರೇಟು ಯಾರು ಹಾಕುವುದು?"

ನನ್ನ ಸಂಬಳ ಏರದೆ ಹತ್ತು ವರ್ಷ ಆಗಿದೆ. ಪ್ರತಿ ಡಿಸೆಂಬರಿಗೆ ದೊರೆಸ್ವಾಮಿ ಸಾರ್, "ಈ ಸಲ ಪರಿಸ್ಥಿತಿ ಸರಿ ಇಲ್ಲ ಡಾಲಿ" ಅನ್ನುತ್ತಾರೆ, ನಾನು "ಪರವಾಗಿಲ್ಲ ಸಾರ್" ಅನ್ನುತ್ತೇನೆ. ಐವತ್ತೆರಡು ವಯಸ್ಸಿಗೆ ಯಾರು ಇನ್ನೊಂದು ವೀಸಾ ಕೊಡುತ್ತಾರೆ? ಮನೆಯಲ್ಲಿ ಇಷ್ಟು ಹಾರಾಡುವ ನಾನು ಅಲ್ಲಿ ತುಟಿ ಎರಡು ಮಾಡುವುದಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂತ ಸುಮ್ಮನೆ ಹೇಳಿದ್ದಲ್ಲ. "ನನ್ನದು ಬಿಡು, ನಿನ್ನದು ಟೈಪ್ ಮಾಡು," ಅಂದೆ. ಸ್ವಲ್ಪ ಜೋರಾಗಿಯೇ ಅಂದೆ.

ಮಂಗಳವಾರ ಕೊಟೇಶನ್ ಕಳಿಸಿದಳು. ಗುರುವಾರ ಮಧ್ಯಾಹ್ನ ಕಿಶನ್ ಫೋನ್ ಮಾಡುತ್ತೇನೆ ಅಂದ. ನಾನು ಅರ್ಧ ದಿನ ರಜೆ ಹಾಕಿದೆ. ಅಬ್ಬಾಸ್ ಮಧ್ಯಾಹ್ನಕ್ಕೆ ಅಂಗಡಿ ಮುಚ್ಚಿ ಬರ್ಕಾದಿಂದ ಬಂದಿದ್ದರು. ಮೇಜಿನ ಸುತ್ತ ಮೂರು ಜನ, ನಡುವೆ ಫೋನು, ಸ್ಪೀಕರ್ ಹಾಕಿ. ಮಗಳು ಇನ್ನೂ ಶಾಲೆಯಿಂದ ಬಂದಿರಲಿಲ್ಲ.

ಕಿಶನ್‌ನ ಹಿಂದಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. "ಸುಹೈಲಾ ದೀದಿ, ನಿಮ್ಮ ಕೆಲಸಕ್ಕೆ ಎಷ್ಟು ಕೊಟ್ಟರೂ ಕಮ್ಮಿಯೇ. ಆದರೆ ದೀದಿ, ಮೂವತ್ತು ಅಂತ ನೀವೇ ಹೇಳಿದ್ದಲ್ವಾ? ಈಗ ಒಂದೇ ಸಲ ಇಷ್ಟು ಅಂದರೆ ನಾನು ಎಲ್ಲಿಗೆ ಹೋಗಲಿ? ಸುಳ್ಳು ಯಾಕೆ ಹೇಳಲಿ, ಸಾವಿರಕ್ಕೆ ಇಪ್ಪತ್ತೈದಕ್ಕೆ ಮಾಡುತ್ತೇನೆ ಅಂತ ಒಬ್ಬರು ಹೇಳಿದ್ದಾರೆ. ಕೈ ಥೇಟ್ ನಿಮ್ಮದೇ."

"ನನ್ನ ಕೈಯಾ?" ಅಂದಳು ಸುಹೈಲಾ.

"ನಿಮ್ಮ ಕಡೆಯವರೇ ದೀದಿ. ನಿಮಗೆ ಜ್ವರ ಬಂದಾಗ ಫೈಲ್ ಕಳಿಸಿದ್ದರಲ್ಲ. ಮಿಸ್ರಿಯಾ."

ಮಿಸ್ರಿಯಾ ಅಂದರೆ ಸುಹೈಲಾಳ ತಂಗಿ. ಇಪ್ಪತ್ತನಾಲ್ಕು ವರ್ಷ. ದೇರಳಕಟ್ಟೆಯ ಮನೆಯಲ್ಲಿ ಉಮ್ಮನ ಪಕ್ಕದಲ್ಲಿ ಕೂತು ಬೀಡಿ ಕಟ್ಟುತ್ತಾಳೆ. ಒಂದೂವರೆ ವರ್ಷದಿಂದ ಇವಳೇ ವಿಡಿಯೋ ಕಾಲಿನಲ್ಲಿ ಅವಳಿಗೆ ಈ ಚಿತ್ರದ ಕೆಲಸ ಕಲಿಸಿದ್ದು. ಸೆಪ್ಟೆಂಬರಿನಲ್ಲಿ ಇವಳಿಗೆ ಎಂಟು ದಿನ ಜ್ವರ ಬಂದಾಗ ಉಳಿದ ಕೆಲಸ ಮುಗಿಸಿ ನೇರ ಕಿಶನ್‌ಗೆ ಕಳಿಸಿದ್ದಳು. ಬೀಡಿ ಕಟ್ಟುವ ಮನೆಯಲ್ಲಿ ಅದು ಮಾಮೂಲು. ಒಬ್ಬಳಿಗೆ ಮೈ ಸರಿ ಇಲ್ಲದಿದ್ದರೆ ಇನ್ನೊಬ್ಬಳು ಕಟ್ಟಿ ಸಾವಿರ ತುಂಬಿಸಿ ಬ್ರಾಂಚಿಗೆ ಕೊಟ್ಟು ಬರುವುದು. ಯಾರ ಕೈ ಅಂತ ಬ್ರಾಂಚಿನವರು ಕೇಳುವುದಿಲ್ಲ.

ಕಿಶನ್ ಮುಂದುವರಿಸಿದ. "ಆದರೆ ದೀದಿ, ನನಗೆ ನೀವೇ ಮೊದಲು. ಇಪ್ಪತ್ತನಾಲ್ಕಕ್ಕೆ ಒಪ್ಪಿದರೆ ಎಲ್ಲ ನಿಮಗೇ. ಹಿನ್ನೆಲೆ ಚಿತ್ರ ಕೂಡ ಕೊಡುತ್ತೇನೆ, ಅರುವತ್ತು ಇವೆ. ಸಂಜೆಯೊಳಗೆ ಹೇಳಿ." ಫೋನು ಇಟ್ಟ.

ಅಬ್ಬಾಸ್ ಕಾಗದ ಎಳೆದುಕೊಂಡು ಲೆಕ್ಕ ಹಾಕಿದರು. ಅರುವತ್ತು ಹಿನ್ನೆಲೆಗೆ ಇಪ್ಪತ್ತನಾಲ್ಕರ ಹಾಗೆ ಎಂಬತ್ತೆರಡು, ಎಂಬತ್ಮೂರು ಸಾವಿರ. ತಿಂಗಳಿಗೆ ಹತ್ತು ಹತ್ತಿರ ಬರುತ್ತದೆ. ನಲ್ವತ್ತು ಆಳನ್ನು ಪುಕ್ಕಟೆ ಮಾಡಿಕೊಟ್ಟ ಹಾಗೆ, ಆದರೂ ಹತ್ತು.

"ಹತ್ತು ಬಂದರೆ ಉಳಿದ ಐದು ನಾನು ಹೇಗಾದರೂ..." ಅಂದರು. ಹೆಂಡತಿಯ ಮುಖ ನೋಡಿ ನಿಲ್ಲಿಸಿದರು. "ನಾನು ಲೆಕ್ಕ ಹೇಳಿದೆ ಅಷ್ಟೆ."

ಒಂದು ರೂಪಾಯಿ. ತಂಗಿಗಿಂತ ಒಂದು ರೂಪಾಯಿ ಕಮ್ಮಿ ಹೇಳಿದರೆ ಇಲ್ಲಿ ಉಳಿಯಬಹುದು. ಅವನು ಎಷ್ಟು ಚೆನ್ನಾಗಿ ಕಟ್ಟಿಹಾಕಿದ್ದ ನೋಡಿ! ನನಗೆ ಬಂದ ಸಿಟ್ಟಿಗೆ ಆ ಫೋನನ್ನೇ ಎತ್ತಿ ಗೋಡೆಗೆ ಹೊಡೆಯಬೇಕು ಅನ್ನಿಸಿತು. ಫೋನು ನನ್ನದಲ್ಲವಲ್ಲ.

"ಅವನು ಸಾಯಲಿ," ಅಂದೆ. "ತಂಗಿಗೆ ಫೋನ್ ಮಾಡು. ಇದು ನನ್ನ ಕೆಲಸ, ನೀನು ಬಿಡು ಅಂತ ಹೇಳು. ಬಿಟ್ಟುಕೊಡುವುದಿಲ್ಲವಾ ಅವಳು?"

"ಬಿಟ್ಟುಕೊಡುತ್ತಾಳೆ ಅಕ್ಕ. ಕೇಳಿದ ಕೂಡಲೇ ಬಿಟ್ಟುಕೊಡುತ್ತಾಳೆ." ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದಳು. "ನನ್ನನ್ನು ಬೀಡಿಯ ಸೂಪಿನ ಮುಂದಿಂದ ಎಬ್ಬಿಸಿ ಕಂಪ್ಯೂಟರ್ ಕ್ಲಾಸಿಗೆ ಕಳಿಸಿದ್ದು ಉಮ್ಮ. ಆ ಎರಡು ವರ್ಷ ನನ್ನ ಪಾಲಿನ ಸಾವಿರ ಕಟ್ಟಿದ್ದು ಮಿಸ್ರಿಯಾ. ಅವಳಿಗಾಗ ಒಂಬತ್ತು ವರ್ಷ. ಅವಳನ್ನು ಎಬ್ಬಿಸಲಿಕ್ಕೆ ಯಾರೂ ಇರಲಿಲ್ಲ."

"ಹಾಗಾದರೆ ಇಬ್ಬರೂ ಸೇರಿ ಮೂರು ಸಾವಿರ ಅಂತ ಹಟ ಹಿಡಿಯಿರಿ."

"ಇಬ್ಬರು ಇದ್ದರೆ ಅವನು ಒಬ್ಬಳನ್ನು ತೋರಿಸಿ ಇನ್ನೊಬ್ಬಳನ್ನು ಇಳಿಸುತ್ತಾನೆ. ನೀವೇ ಹೇಳಿದಿರಿ ಅಕ್ಕ."

ನಾನು ಹೇಳಿದ್ದೇ.

ಸುಹೈಲಾ ಎದ್ದು ಹೋಗಿ ಒಂದು ಲೋಟ ನೀರು ಕುಡಿದಳು. ಫ್ರಿಜ್ಜಿನ ಮೇಲಿನ ಆ ಗಂಟೆಯ ಕಾಗದ ಇನ್ನೂ ಅಲ್ಲೇ ಇತ್ತು. ಅದನ್ನು ಬಿಚ್ಚಿ ತಂದು ಮೇಜಿನ ಮೇಲೆ ಹರಡಿದಳು. ಆಮೇಲೆ ಫೋನು ತೆಗೆದು ಕಿಶನ್‌ಗೆ ಒಂದು ಸಾಲು ಬರೆದಳು. ನಮಗೆ ತೋರಿಸಿದ ಮೇಲೆ ಕಳಿಸಿದಳು: ನಾನು ಇನ್ನು ಈ ಕೆಲಸ ಮಾಡುವುದಿಲ್ಲ, ಎಷ್ಟು ಕೊಟ್ಟರೂ.

"ಸುಹೈಲಾ!" ಅಂದೆ ನಾನು. ಅಬ್ಬಾಸ್ ಕಣ್ಣು ಮುಚ್ಚಿಕೊಂಡರು. "ಈಗ ಅವನ ಹತ್ತಿರ ಕೊಟೇಶನ್ ಒಂದೇ ಅಕ್ಕ," ಅಂದಳು.

ಕೂಡಲೇ ತಂಗಿಗೆ ಫೋನ್ ಹಚ್ಚಿದಳು. ಅವರು ಮಾತಾಡಿದ್ದು ಬ್ಯಾರಿ ಭಾಷೆಯಲ್ಲಿ. ನನಗೆ ತುಳು ಗೊತ್ತು, ಆಫೀಸಿನ ಪಕ್ಕದ ಮೇಜಿನ ಮಲಯಾಳಿಗಳಿಂದ ಮಲಯಾಳ ಅರ್ಧ ಗೊತ್ತು, ಎರಡೂ ಸೇರಿಸಿದರೆ ಬ್ಯಾರಿ ಅರ್ಥವಾಗುತ್ತದೆ. ಆ ಹುಡುಗಿ ಫೋನ್ ಎತ್ತಿದ್ದೇ ಖುಷಿಯಲ್ಲಿ ಕಿರುಚಿದಳು. ತನಗೇ ಸ್ವಂತ ಕೆಲಸ ಸಿಗುವ ಹಾಗೆ ಉಂಟು, ಹೊಸಾ ಗೇಮಂತೆ, ಸಹಿ ಆದ ಮೇಲೆ ಹೇಳುವ ಅಂತಿದ್ದೆ ಅಕ್ಕ, ಹೊಸಬಳಲ್ವಾ ಅಂತ ನಿನಗಿಂತ ಐದು ಕಮ್ಮಿ ಹೇಳಿದ್ದೇನೆ, ನಿನ್ನ ಸಮಕ್ಕೆ ಕೇಳಲಿಕ್ಕೆ ನಾಚಿಕೆಯಾಯಿತು. ಅದು ಅಕ್ಕನದೇ ಕೆಲಸ ಅಂತ ಆ ಪಾಪದ್ದಕ್ಕೆ ಗೊತ್ತೇ ಇರಲಿಲ್ಲ. ಹಿಂದೆ ನಬೀಸಾ ಕೆಮ್ಮುವುದು ಕೇಳುತ್ತಿತ್ತು.

ಸುಹೈಲಾ ಮೊದಲು ಒಳ್ಳೆ ಸುದ್ದಿ ಅಂದಳು, ಮಾಶಾಅಲ್ಲಾಹ್ ಅಂದಳು, ನಕ್ಕಳು ಕೂಡ. ಆಮೇಲೆ, "ಪೆನ್ನು ಕಾಗದ ತೆಗೆದುಕೋ," ಅಂದಳು. "ಸಾವಿರಕ್ಕೆ ಅಂತ ಹೇಳಬೇಡ. ಹೇಳಿದ್ದನ್ನು ಈಗಲೇ ವಾಪಸು ತೆಗೆದುಕೋ. ಬರೆದುಕೋ."

ನನ್ನ ಕೊಟೇಶನ್ ಒಂದೊಂದೇ ಸಾಲು ಓದಿದಳು. ಒಂದು ಆಳಿಗೆ ಮೂರು ಸಾವಿರ. ಎರಡು ಸಲ ತಿದ್ದುವುದು ಉಚಿತ. ಅರ್ಧ ಮುಂಗಡ. ಖಾಲಿ ಬಿಟ್ಟ ಚೌಕವೂ ಕೆಲಸವೇ ಅಂತ ತಾನೇ ಒಂದು ಸಾಲು ಸೇರಿಸಿದಳು. ಅವನು ಕೋಪ ಮಾಡಿದರೆ ಸುಮ್ಮನಿರು, ಎರಡು ದಿನ ಫೋನ್ ಎತ್ತಬೇಡ, ಈ ಕೈ ಅವನಿಗೆ ಬೇರೆ ಎಲ್ಲೂ ಸಿಗುವುದಿಲ್ಲ.

ಆಚೆ ಕಡೆ ಹುಡುಗಿ ಹೆದರಿದ್ದು ನಮಗೂ ಗೊತ್ತಾಯಿತು. "ಮೂರು ಸಾವಿರವಾ? ಕೊಡುತ್ತಾರಾ ಅಕ್ಕ?" ಮತ್ತೆ, "ನೀನೂ ಇಷ್ಟೇ ಕೇಳಿದೆಯಾ? ನಿನಗೆ ಕೊಟ್ಟರಾ?"

ಸುಳ್ಳು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ, ಯಾರೇ ಆಗಲಿ ಮುಖಕ್ಕೇ ಹೇಳಿಬಿಡುತ್ತೇನೆ. ಆ ದಿನ ನಾನು ನನ್ನ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೂತಿದ್ದೆ.

"ಕೊಟ್ಟರು," ಅಂದಳು ಸುಹೈಲಾ. "ಒಂದು ಮಾತೂ ಆಡದೆ ಕೊಟ್ಟರು. ನೀನೂ ಕೇಳು."

ಫೋನು ಇಟ್ಟ ಮೇಲೆ ಅವಳು ಲ್ಯಾಪ್‌ಟಾಪ್ ಮುಚ್ಚಿ, ಅದರ ವಯರು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿದಳು. ಮೇಜು ಒರೆಸಿದಳು. ಮಗಳ ಶಾಲಾ ಬಸ್ಸಿನ ಹೊತ್ತಾಗಿತ್ತು.

"ಮಾರ್ಚ್ ಕೊನೆಗೆ ಟಿಕೆಟ್ ನೋಡಿ," ಅಂತ ಅಬ್ಬಾಸ್‌ಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಇಳಿದಳು.